ಪೈಪ್ ತೆಗೆಯುವ ಬೆಳಿಗ್ಗೆ

"ಪೈಪ್ ತೆಗಿಲಿಕ್ಕೆ ಉಂಟಂತೆ ಡಾಕ್ಟ್ರೇ, ಇನ್ನು ಹೋಪ್ಸ್ ಇಲ್ವಾ?"

ಮಂಗಳೂರಿನಲ್ಲಿ ಐಸಿಯು ಬಾಗಿಲಲ್ಲಿ ಈ ಪ್ರಶ್ನೆ ನನಗೆ ಹೊಸತಲ್ಲ. ಈ ಸಲ ಕೇಳಿದ ಹುಡುಗನ ಅಪ್ಪ ಮೂಡುಬಿದಿರೆ ಕಡೆಯ ಅಡಿಕೆ ತೋಟದವರು. ಮಳೆಗಾಲದ ಇಲಿಜ್ವರ ಶ್ವಾಸಕೋಶಕ್ಕೆ ಏರಿ ಆರು ದಿನ ವೆಂಟಿಲೇಟರಿನಲ್ಲಿದ್ದರು. ಗುಣವಾಗುತ್ತಿದ್ದರೆಂದೇ, ಬಾಯಿಂದ ಶ್ವಾಸನಾಳಕ್ಕೆ ಇಳಿಸಿ ಯಂತ್ರಕ್ಕೆ ಜೋಡಿಸಿದ್ದ ಪೈಪ್ (ನಾವು ಟ್ಯೂಬ್ ಎನ್ನುವುದು) ತೆಗೆಯುವ ಮಾತು ಬಂದದ್ದು.

ಬೆಳಿಗ್ಗೆ ನಿದ್ದೆಯ ಔಷಧಿ ನಿಲ್ಲಿಸಿದೆವು. ನಾನು ಕನ್ನಡದಲ್ಲಿ ಎಷ್ಟು ಕರೆದರೂ ಕಣ್ಣು ಬಿಡಲಿಲ್ಲ. ಸಿಸ್ಟರ್ ತುಳುವಿನಲ್ಲಿ ಒಮ್ಮೆ ಕರೆದದ್ದೇ ತಡ, ಕಣ್ಣು ಬಿಟ್ಟು ಅವರ ಕೈ ಒತ್ತಿದರು. (ನನ್ನ ತುಳು ಇನ್ನೂ ಬಸ್ ಕಂಡಕ್ಟರಿಗಷ್ಟೇ ಸಾಲುತ್ತದೆ.)

ಆಮೇಲೆ ಪರೀಕ್ಷೆ. ಯಂತ್ರದ ಆಸರೆಯನ್ನು ತೀರಾ ತಗ್ಗಿಸಿ ಅರ್ಧ ಗಂಟೆ, ಕೆಲವರಿಗೆ 2 ಗಂಟೆ, ಸ್ವಂತ ಉಸಿರಿಗೆ ಬಿಡುತ್ತೇವೆ. ನಿಮಿಷಕ್ಕೆ ಎಷ್ಟು ಉಸಿರೋ ಅದನ್ನು ಒಂದು ಉಸಿರಿನ ಗಾಳಿಯ ಲೀಟರಿನಿಂದ ಭಾಗಿಸಿದರೆ 105ರ ಕೆಳಗಿರಬೇಕು. ಇವರದು 24 ಉಸಿರು, 0.4 ಲೀಟರ್, ಅಂದರೆ 60. ತೇಕುತ್ತ 35 ಸಲ, 0.25 ಲೀಟರ್ ಎಳೆದಿದ್ದರೆ 140 ಆಗುತ್ತಿತ್ತು, ಆ ದಿನಕ್ಕೆ ಬೇಡ ಎನ್ನುತ್ತಿದ್ದೆ.

ಈ ಲೆಕ್ಕ ನಂಬಿ ಒಮ್ಮೆ ಕೆಟ್ಟಿದ್ದೇನೆ. ಸಂಖ್ಯೆ ಚೆನ್ನಾಗಿತ್ತು, ಆದರೆ ರೋಗಿಗೆ ಅರ್ಧ ಗಂಟೆಗೊಮ್ಮೆ ಕಫ ಎಳೆಯಬೇಕಿತ್ತು, ಕೆಮ್ಮಲು ತ್ರಾಣವಿರಲಿಲ್ಲ. ಸಂಜೆಯೊಳಗೆ ಮತ್ತೆ ಟ್ಯೂಬ್ ಹಾಕಿದೆ. ಈಗ ಕೆಮ್ಮಿಸಿ ನೋಡದೆ ಮುಂದುವರಿಯುವುದಿಲ್ಲ. ಹಾಗಂತ "ಇನ್ನೊಂದು ದಿನ ಇರಲಿ" ಎಂದು ಹೆದರಿ ಕೂತರೆ ನ್ಯುಮೋನಿಯಾದ ಅಪಾಯ ಏರುತ್ತದೆ, ಉಸಿರಿನ ಸ್ನಾಯು ಸೊರಗುತ್ತದೆ. ಯಾರಿಗೂ ಟ್ಯೂಬ್ ಮರಳಿ ಹಾಕಿಯೇ ಇಲ್ಲ ಎನ್ನುವ ಐಸಿಯು ಅತಿಯಾಗಿ ಕಾಯುತ್ತಿದೆ ಎಂದೇ ನನ್ನ ಅನುಮಾನ.

ತೆಗೆಯುವುದು ಕ್ಷಣದ ಕೆಲಸ. ತಲೆದಿಂಬಿನ ಭಾಗ ಎತ್ತಿ, ಬಾಯಿಯ ಜೊಲ್ಲೆಲ್ಲ ಎಳೆದು, ಕೆನ್ನೆಯ ಪ್ಲಾಸ್ಟರ್ ಬಿಡಿಸಿದೆವು. ಟ್ಯೂಬಿನ ತುದಿಯ ಪುಟ್ಟ ಬಲೂನಿನ ಗಾಳಿಯನ್ನು ಸಿರಿಂಜಿನಲ್ಲಿ ತೆಗೆದಾಗ ಸುತ್ತ ಉಸಿರು ಸೋರಿದ್ದು ಕೇಳಿಸಿತು. ಸೋರದಿದ್ದರೆ ಒಳಗೆ ಊತವಿದೆಯೇನೋ ಎಂದು ನಿಲ್ಲಬೇಕು. ಉಸಿರು ದೀರ್ಘವಾಗಿ ಎಳೆದುಕೊಳ್ಳಿ ಎಂದು ಸಿಸ್ಟರ್ ತುಳುವಿನಲ್ಲಿ ಹೇಳಿದರು, ನಾನು ಟ್ಯೂಬ್ ಎಳೆದೆ. ಒಂದು ಜೋರು ಕೆಮ್ಮು, ಕೂಡಲೇ ಆಮ್ಲಜನಕದ ಮಾಸ್ಕ್. ಕುತ್ತಿಗೆಗೆ ಸ್ಟೆತಾಸ್ಕೋಪ್ ಇಟ್ಟರೆ ಊತದಿಂದ ಉಸಿರಿನ ದಾರಿ ಕಿರಿದಾದಾಗ ಬರುವ ಸೀಟಿಯ ಸದ್ದಿಲ್ಲ.

ಒಳಗೆ ಬಂದ ಮಗನ ಕೈಯಲ್ಲಿ ಬೊಂಡದ ನೀರು. ತಡೆದೆ. ದಿನಗಟ್ಟಲೆ ಟ್ಯೂಬ್ ಇದ್ದ ಗಂಟಲಿಗೆ ನುಂಗುವುದು ಮರೆತಂತಿರುತ್ತದೆ, ನೀರು ಶ್ವಾಸಕೋಶಕ್ಕೆ ಇಳಿದೀತು. ಒದ್ದೆ ಹತ್ತಿಯಲ್ಲಿ ತುಟಿ ಒರೆಸಿದ.

ಅಪ್ಪ ಒಡೆದ ಸ್ವರದಲ್ಲಿ, ನನಗೂ ಅರ್ಥವಾಗುವಷ್ಟು ನಿಧಾನ ತುಳುವಿನಲ್ಲಿ ಕೇಳಿದರು: ತೋಟಕ್ಕೆ ಮದ್ದು ಬಿಟ್ಟಾಯಿತಾ?