ಬೆರಳಿಗೆ ಸಿಕ್ಕ ಗಂಟು, ರಿಪೋರ್ಟಿನ 4: ಎಷ್ಟು ಹೆದರಬೇಕು?

'ಪ್ರಾಸ್ಟೇಟ್ ಸ್ವಲ್ಪ ಗಟ್ಟಿ ಇದೆ, ಪಿಎಸ್‌ಎ ಮಾಡಿಸಿ.' (ಪ್ರಾಸ್ಟೇಟ್ ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ; ಪಿಎಸ್‌ಎ ಅಂದರೆ ಅದು ತಯಾರಿಸುವ ಪ್ರೋಟೀನ್, ರಕ್ತದಲ್ಲಿ ಅದು ಎಷ್ಟಿದೆ ಅಂತ ನೋಡುತ್ತಾರೆ.) ಡಾಕ್ಟರ್ ಇಷ್ಟು ಹೇಳಿದರೆ ಸಾಕು, ಮನೆಯವರೆಲ್ಲ ಕ್ಯಾನ್ಸರ್ ಅಂತಲೇ ತೀರ್ಮಾನಿಸಿಬಿಡುತ್ತಾರೆ. ಆ ಭಯ ಸಹಜ. ಆದರೆ ಈ ಪರೀಕ್ಷೆಗಳು ಹೇಗೆ ಹುಟ್ಟಿದವು ಅಂತ ತಿಳಿದರೆ, ಅವುಗಳ ಮಾತನ್ನು ಎಷ್ಟು ನಂಬಬೇಕು ಅನ್ನುವುದೂ ಗೊತ್ತಾಗುತ್ತದೆ.

ಮೊದಲು ಇದ್ದದ್ದು ಬೆರಳು ಮಾತ್ರ. ಅಕ್ರೋಟ್ ಗಾತ್ರದ ಈ ಗ್ರಂಥಿ ಗುದನಾಳಕ್ಕೆ ಅಂಟಿಕೊಂಡಂತೆ ಇದೆ. ಗುದದ್ವಾರದಿಂದ ಬೆರಳು ಹಾಕಿದರೆ ಅದರ ಹಿಂಭಾಗ ಸಿಗುತ್ತದೆ. ಹೆಚ್ಚಿನ ಕ್ಯಾನ್ಸರ್ ಹುಟ್ಟುವುದೂ ಆ ಹೊರಪದರದಲ್ಲೇ. ನಿಮ್ಮ ಹೆಬ್ಬೆರಳ ಬುಡದ ಮಾಂಸ ಒತ್ತಿ ನೋಡಿ, ಆರೋಗ್ಯವಾಗಿರುವ ಪ್ರಾಸ್ಟೇಟ್ ಹಾಗಿರುತ್ತದೆ. ಬೆರಳ ಗೆಣ್ಣಿನಂತೆ ಗಟ್ಟಿ ತಗುಲಿದರೆ ಅನುಮಾನ. 1904ರಲ್ಲಿ ಬಾಲ್ಟಿಮೋರಿನಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ಕ್ಯಾನ್ಸರ್ ಇದ್ದ ಪ್ರಾಸ್ಟೇಟನ್ನು ಪೂರ್ತಿ ತೆಗೆದಾಗಲೂ ವೈದ್ಯರ ಕೈಲಿದ್ದ ದಾರಿ ಇದೇ. ಆದರೆ ಬೆರಳಿಗೆ ಸಿಗುವಷ್ಟು ಬೆಳೆಯುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತಿತ್ತು. ಗಟ್ಟಿ ಇದ್ದದ್ದೆಲ್ಲ ಕ್ಯಾನ್ಸರೂ ಅಲ್ಲ. ಹಳೆಯ ಉರಿಯೂತ, ಗ್ರಂಥಿಯೊಳಗಿನ ಕಲ್ಲು ಕೂಡ ಹಾಗೇ ತಗಲುತ್ತವೆ.

ರಕ್ತಪರೀಕ್ಷೆ ಬಂದದ್ದು ಬಹಳ ತಡವಾಗಿ. 1979ರಲ್ಲಿ ಅಮೆರಿಕದ ಬಫಲೋ ನಗರದ ರೋಸ್‌ವೆಲ್ ಪಾರ್ಕ್ ಸಂಸ್ಥೆಯವರು ಪಿಎಸ್‌ಎ ಪ್ರೋಟೀನನ್ನು ಬೇರ್ಪಡಿಸಿದರು. 1986ರಲ್ಲಿ ಅಲ್ಲಿನ ಸರ್ಕಾರ ಒಪ್ಪಿದ್ದು, ಆಗಲೇ ಕ್ಯಾನ್ಸರ್ ಇದ್ದವರ ಮೇಲೆ ಕಣ್ಣಿಡಲಿಕ್ಕೆ. ರೋಗ ಹುಡುಕಲು ಬಳಸಬಹುದು ಅಂದದ್ದು 1994ರಲ್ಲಿ. ಒಂದು ಮಿಲಿಲೀಟರ್ ರಕ್ತದಲ್ಲಿ ಪಿಎಸ್‌ಎ 4 ನ್ಯಾನೋಗ್ರಾಂ ದಾಟಿದರೆ ಅಪಾಯ ಅನ್ನುವ ಗೆರೆ ಊರೂರಿಗೂ ಹರಡಿತು.

ಈ ಗೆರೆಯೇ ಜನರನ್ನು ಜಾಸ್ತಿ ದಾರಿ ತಪ್ಪಿಸಿದ್ದು ಅನ್ನಿಸುತ್ತದೆ ನನಗೆ. ಆರೋಗ್ಯವಾಗಿರುವ ಗ್ರಂಥಿಯೂ ಪಿಎಸ್‌ಎ ತಯಾರಿಸುತ್ತದೆ. ವಯಸ್ಸಾಗಿ ಗ್ರಂಥಿ ಊದಿದರೆ, ಮೂತ್ರದ ಸೋಂಕಾದರೆ, ಹಿಂದಿನ ದಿನ ವೀರ್ಯ ಹೋಗಿದ್ದರೂ ಅಂಕಿ ಏರಬಹುದು. 4ರಿಂದ 10ರ ನಡುವೆ ಇರುವವರಲ್ಲಿ ಕ್ಯಾನ್ಸರ್ ಸಿಗುವುದು ಸುಮಾರು ನಾಲ್ವರಲ್ಲಿ ಒಬ್ಬರಿಗೆ. ಅತ್ತ, 4ರೊಳಗೇ ಇದ್ದವರಿಗೆ ಬಯಾಪ್ಸಿ (ಸೂಜಿಯಿಂದ ಗ್ರಂಥಿಯ ಚೂರು ತೆಗೆದು ನೋಡುವ ಪರೀಕ್ಷೆ) ಮಾಡಿದ ಅಮೆರಿಕದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅವರಲ್ಲೂ 15%ರಷ್ಟು ಜನರಲ್ಲಿ ಕ್ಯಾನ್ಸರ್ ಇತ್ತು! ಗ್ರಂಥಿ ಕುಗ್ಗಿಸುವ ಫಿನಾಸ್ಟರೈಡ್ ಮಾತ್ರೆ ತಗೊಳ್ಳುವವರಲ್ಲಿ ಅಂಕಿ ಅರ್ಧಕ್ಕೆ ಇಳಿಯುತ್ತದೆ. ಇದನ್ನು ಡಾಕ್ಟರಿಗೆ ಹೇಳದಿದ್ದರೆ ರಿಪೋರ್ಟ್ ಓದುವುದೇ ತಪ್ಪಾಗುತ್ತದೆ.

ಹುಡುಕಾಟ ಹೆಚ್ಚಿದಂತೆ, ಎಂದೂ ತೊಂದರೆ ಕೊಡದಿದ್ದ ನಿಧಾನದ ಕ್ಯಾನ್ಸರಿಗೂ ಶಸ್ತ್ರಚಿಕಿತ್ಸೆ ನಡೆಯಿತು. ಎಷ್ಟೋ ಗಂಡಸರು ಮೂತ್ರ ಸೋರಿಕೆಯ ಕಷ್ಟ ಅನುಭವಿಸಿದರು. 2012ರಲ್ಲಿ ಅಮೆರಿಕದ ತಜ್ಞರ ಸಮಿತಿ ಲಕ್ಷಣವಿಲ್ಲದ ಯಾರಿಗೂ ಪಿಎಸ್‌ಎ ಪರೀಕ್ಷೆ ಬೇಡ ಅಂದಿತು. 2018ರಲ್ಲಿ ಅದೇ ಸಮಿತಿ, 55ರಿಂದ 69ರ ವಯಸ್ಸಿನವರು ವೈದ್ಯರ ಜೊತೆ ಮಾತಾಡಿ ನಿರ್ಧರಿಸಲಿ ಅಂತ ತಿದ್ದಿಕೊಂಡಿತು. ಗ್ರಂಥಿಯೊಳಗಷ್ಟೇ ಕ್ಯಾನ್ಸರ್ ಇದ್ದ 1,643 ಜನರನ್ನು ಬ್ರಿಟನ್ನಿನಲ್ಲಿ 15 ವರ್ಷ ಗಮನಿಸಿದರು. ಆಪರೇಷನ್, ರೇಡಿಯೇಷನ್, ಕಾದು ನೋಡುವುದು, ಯಾವ ಗುಂಪಿನಲ್ಲೂ ಆ ಕ್ಯಾನ್ಸರಿನಿಂದ ತೀರಿಕೊಂಡವರು ಸುಮಾರು 3% ಮಾತ್ರ.

ಈಗ ಅಂಕಿ ಏರಿದ ಕೂಡಲೇ ಸೂಜಿ ಚುಚ್ಚುವುದಿಲ್ಲ. ಕೆಲವು ವಾರ ಬಿಟ್ಟು ಮತ್ತೆ ರಕ್ತ ನೋಡುತ್ತಾರೆ, ಆಮೇಲೆ ಎಂಆರ್‌ಐ. ಅನುಮಾನ ಉಳಿದರೆ ಬಯಾಪ್ಸಿ. ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಖಚಿತವಾಗಿ ಹೇಳುವುದು ಅದೊಂದೇ. ಆದರೆ ಬೆರಳಿಗೆ ಗಟ್ಟಿ ಗಂಟು ಸಿಕ್ಕಿದ್ದರೆ, ಪಿಎಸ್‌ಎ ಕಡಿಮೆ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ಅಪ್ಪನಿಗೋ ಅಣ್ಣನಿಗೋ ಈ ಕಾಯಿಲೆ ಬಂದಿದ್ದರೆ ಅದನ್ನೂ ಮೊದಲ ಭೇಟಿಯಲ್ಲೇ ಹೇಳಿ.