ಸಾಗರದಾಚೆ ದಾರಿ ತಪ್ಪಿ ಬರುವ ಪುಟ್ಟ ತೀರಹಕ್ಕಿ

ಜಗತ್ತಿನ ತೀರಹಕ್ಕಿಗಳಲ್ಲೆಲ್ಲ ಅತಿ ಚಿಕ್ಕದು ಲೀಸ್ಟ್ ಸ್ಯಾಂಡ್‌ಪೈಪರ್. ಉದ್ದ 13ರಿಂದ 15 ಸೆಂ.ಮೀ., ತೂಕ 19ರಿಂದ 30 ಗ್ರಾಂ. ಅಲಾಸ್ಕಾದಿಂದ ಲ್ಯಾಬ್ರಡಾರ್‌ವರೆಗಿನ ಜೌಗು ನೆಲದಲ್ಲಿ ಮರಿ ಮಾಡುತ್ತದೆ. ಚಳಿಗಾಲವನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಿಂದ ಹಿಡಿದು ಪೆರು, ಬ್ರೆಜಿಲ್‌ಗಳ ತನಕ ಹಬ್ಬಿದ ಕೆಸರು ದಡಗಳಲ್ಲಿ ಕಳೆಯುತ್ತದೆ. ಅಟ್ಲಾಂಟಿಕ್ ದಾಟಿ ಬ್ರಿಟನ್, ಐರ್ಲೆಂಡ್‌ಗಳಲ್ಲಿ ಇಳಿಯುವುದು ತೀರಾ ಅಪರೂಪ.

ಸಾಗರ ದಾಟುವ ತ್ರಾಣ ಇದಕ್ಕಿಲ್ಲ ಎಂದಲ್ಲ. ಸೇಂಟ್ ಲಾರೆನ್ಸ್ ಕೊಲ್ಲಿ ಮತ್ತು ನ್ಯೂ ಇಂಗ್ಲೆಂಡ್ ಕರಾವಳಿಯಿಂದ ಹೊರಡುವ ಹಕ್ಕಿಗಳು ದಕ್ಷಿಣ ಅಮೆರಿಕದ ಈಶಾನ್ಯ ತೀರಕ್ಕೆ ಮೂರು ನಾಲ್ಕು ಸಾವಿರ ಕಿ.ಮೀ. ಎಲ್ಲೂ ಇಳಿಯದೆ ಕಡಲ ಮೇಲೆಯೇ ಹಾರುತ್ತವೆಂಬುದು ಪಕ್ಷಿತಜ್ಞರ ಅಂದಾಜು. ನ್ಯೂಫೌಂಡ್‌ಲ್ಯಾಂಡಿನಿಂದ ಐರ್ಲೆಂಡಿಗೂ ಸುಮಾರು 3,000 ಕಿ.ಮೀ. ಅಷ್ಟು ದೂರಕ್ಕೆ ಸಾಲುವ ಇಂಧನ, ಅಂದರೆ ಚರ್ಮದಡಿಯ ಕೊಬ್ಬು, ಕೆಸರಿನ ಹುಳುಗಳನ್ನು ತಿಂದು ಮೊದಲೇ ಕೂಡಿಟ್ಟದ್ದು.

ಹಾಗಾದರೆ ಎಡವಟ್ಟಾಗುವುದೆಲ್ಲಿ? ಗಾಳಿಯಲ್ಲಿ. ಶರತ್ಕಾಲದಲ್ಲಿ ಅಟ್ಲಾಂಟಿಕ್ ಮೇಲೆ ವಾಯುಭಾರ ಕುಸಿತಗಳು ಪೂರ್ವಕ್ಕೆ ಸಾಗುತ್ತವೆ. ಅವುಗಳ ದಕ್ಷಿಣ ಅಂಚಿನಲ್ಲಿ ಪಶ್ಚಿಮದ ಗಾಳಿ ರಭಸದಿಂದ ಬೀಸುತ್ತದೆ. ಅದಕ್ಕೆ ಸಿಕ್ಕಿದ ಹಕ್ಕಿ ಗಾಳಿಯ ಜೊತೆಗೇ ಹೋಗಬೇಕು, ನೀರಿನ ಮೇಲೆ ಕುಳಿತು ಸುಧಾರಿಸಿಕೊಳ್ಳುವಂತಿಲ್ಲ. ಮೊದಲ ಪಯಣದ ಎಳೆಯ ಹಕ್ಕಿಗಳಿಗೆ ದಾರಿ ತೋರುವವರೂ ಇರುವುದಿಲ್ಲ: ತಾಯಿ ಗೂಡನ್ನು ಬೇಗ ಬಿಟ್ಟಿರುತ್ತಾಳೆ, ಮರಿಗಳ ಕಾವಲಿಗೆ ಉಳಿಯುವ ತಂದೆಯೂ ಅವಕ್ಕಿಂತ ಮುಂಚೆ ಹೊರಡುತ್ತಾನೆ. ಆಚೆ ದಡ ಮುಟ್ಟಿದವು ನಮ್ಮ ಲೆಕ್ಕಕ್ಕೆ ಸಿಗುತ್ತವೆ. ಕಡಲಿಗೆ ಬಿದ್ದವುಗಳ ಲೆಕ್ಕ ಯಾರಿಗೂ ಸಿಗದು.

ಗುರುತು ಹಿಡಿಯಲು ಮೊದಲು ಕಾಲು ನೋಡಿ. ಮಾಸಲು ಹಳದಿ ಅಥವಾ ಹಸಿರು ಹಳದಿ ಇದ್ದರೆ, ಇದನ್ನೇ ಹೋಲುವ ಪುಟ್ಟ ತೀರಹಕ್ಕಿಗಳಾದ ಲಿಟಲ್ ಸ್ಟಿಂಟ್, ಸೆಮಿಪಾಮೇಟೆಡ್ ಸ್ಯಾಂಡ್‌ಪೈಪರ್ ಎರಡನ್ನೂ ಬಿಟ್ಟುಬಿಡಬಹುದು. ಅವುಗಳ ಕಾಲು ಕಪ್ಪು. ತಪ್ಪು ಹೆಚ್ಚಾಗಿ ಆಗುವುದೂ ಇಲ್ಲೇ. ಒಣಗಿದ ಕೆಸರು ಮೆತ್ತಿಕೊಂಡ ಹಳದಿ ಕಾಲು ದೂರದಿಂದ ಕಪ್ಪಾಗಿಯೇ ಕಾಣುತ್ತದೆ. ಹಕ್ಕಿ ನೀರಿಗಿಳಿದು ಕಾಲು ತೊಳೆದುಕೊಳ್ಳುವವರೆಗೆ ಕಾಯುವುದೇ ಸರಿ. ಕೊಕ್ಕು ತೆಳು, ಪೂರ್ತಿ ಕಪ್ಪು, ತುದಿಯಲ್ಲಿ ತುಸು ಬಾಗಿದ್ದು. ಎದೆಗೆ ಅಡ್ಡಲಾಗಿ ಕಂದು ಗೀರುಗಳ ಪಟ್ಟಿ. ಮೇಯುವಾಗ ಅಲೆಯಂಚಿಗಿಂತ ಮೇಲಿನ, ಹುಲ್ಲಿರುವ ಕೆಸರನ್ನೇ ಇಷ್ಟಪಡುತ್ತದೆ. ಮಂಡಿ ಮಡಿಸಿ ಕುಕ್ಕರುಗಾಲಲ್ಲಿ ಇಲಿಯಂತೆ ಸರಿದಾಡುತ್ತದೆ. ಎದ್ದು ಹಾರುವಾಗ "ಕ್ರೀ-ಈಪ್" ಎಂದು ಏರುದನಿಯಲ್ಲಿ ಕೂಗುತ್ತದೆ. ಈ ಕೂಗನ್ನು ಫೋನಿನಲ್ಲಾದರೂ ಮುದ್ರಿಸಿಕೊಳ್ಳಬೇಕು, ಮಸುಕಾದ ಹತ್ತು ಫೋಟೊಗಿಂತ ಅದೇ ಗಟ್ಟಿ ಸಾಕ್ಷಿ.

ಕರ್ನಾಟಕದ ಕೆರೆಯಂಗಳದಲ್ಲಿ ಚಳಿಗಾಲದಲ್ಲಿ ಹಳದಿ ಕಾಲಿನ ಇಂಥ ಪುಟ್ಟ ಹಕ್ಕಿ ಕಂಡರೆ ಅದು ಬಹುತೇಕ ಟೆಮಿಂಕ್ಸ್ ಸ್ಟಿಂಟ್: ಬೆನ್ನು ಸಾದಾ ಬೂದುಗಂದು, ಬಾಲದ ಹೊರಗರಿ ಬಿಳಿ. ಬೆನ್ನಿನ ಮೇಲೆ ದಟ್ಟ ಮಚ್ಚೆಗಳಿದ್ದು, ಕತ್ತು ನಿಗುರಿಸಿ ನಿಂತಿದ್ದರೆ ಲಾಂಗ್-ಟೋಡ್ ಸ್ಟಿಂಟ್ ಇರಬಹುದೇ ಎಂದು ನೋಡಿ. ಲೀಸ್ಟ್ ಸ್ಯಾಂಡ್‌ಪೈಪರಿಗೆ ಅತಿ ಹತ್ತಿರದ ಹೋಲಿಕೆ ಇರುವುದು ಇದಕ್ಕೇ. ಲಾಂಗ್-ಟೋಡ್ ಸ್ಟಿಂಟನ್ನು ಅದರ ಉದ್ದನೆಯ ನಡುಬೆರಳು ಮತ್ತು ಕೆಳಕೊಕ್ಕಿನ ಬುಡದ ತಿಳಿಬಣ್ಣದಿಂದ ಬೇರ್ಪಡಿಸಬಹುದು.