ಅವೇ ಗೋಲಿಗೆ ಎರಡರ ಲೆಕ್ಕ ಇಲ್ಲ

ಫುಟ್‌ಬಾಲ್ ರೆಫರಿ ತರಬೇತಿಗೆ ಬರುವ ಹೊಸಬರಿಗೆ ನಾನು ಮೊದಲ ದಿನವೇ ಒಂದು ಲೆಕ್ಕ ಕೊಡುತ್ತೇನೆ. ಎರಡು ತಂಡ ಒಬ್ಬರ ಅಂಗಳದಲ್ಲಿ ಒಂದು, ಇನ್ನೊಬ್ಬರ ಅಂಗಳದಲ್ಲಿ ಒಂದು ಪಂದ್ಯ, ಅಂದರೆ ಎರಡು ಲೆಗ್, ಆಡುತ್ತವೆ. ಮೊದಲ ಲೆಗ್‌ನಲ್ಲಿ ಒಂದು ತಂಡ ತನ್ನ ಅಂಗಳದಲ್ಲಿ 1-0 ಗೋಲಿನಿಂದ ಗೆದ್ದಿದೆ. ಎರಡನೇ ಲೆಗ್‌ನಲ್ಲಿ ಎದುರಾಳಿ ತನ್ನ ಅಂಗಳದಲ್ಲಿ 3-1 ಗೋಲಿನಿಂದ ಗೆದ್ದಿದೆ. ಅವೇ ಗೋಲಿನ, ಅಂದರೆ ಎದುರಾಳಿಯ ಅಂಗಳದಲ್ಲಿ ಹೊಡೆದ ಗೋಲಿನ, ನಿಯಮ ಜಾರಿಯಲ್ಲಿದೆ. ಮುಂದಿನ ಸುತ್ತಿಗೆ ಯಾರು ಹೋಗುತ್ತಾರೆ?

ಪ್ರತಿ ಸಲವೂ ಕೆಲವರು ‘ಸಮ, ಎಕ್ಸ್‌ಟ್ರಾ ಟೈಮ್ ಆಡಿಸಬೇಕು’ ಅನ್ನುತ್ತಾರೆ. ಅವರ ಲೆಕ್ಕ ಹೀಗೆ: ಮೊದಲ ತಂಡ ತವರಿನಲ್ಲಿ 1 ಹೊಡೆದಿದೆ, ಹೊರಗೆ ಹೊಡೆದ 1 ಗೋಲಿಗೆ 2, ಒಟ್ಟು 3. ಎರಡನೇ ತಂಡದ್ದೂ 3. ಆದ್ದರಿಂದ ಸಮ.

ಇದು ತಪ್ಪು. ಎರಡನೇ ತಂಡ ಒಟ್ಟು 3 ಗೋಲು ಹೊಡೆದಿದೆ, ಮೊದಲ ತಂಡ 2. ಅಲ್ಲಿಗೆ ಮುಗಿಯಿತು. ಎರಡನೇ ತಂಡ ಮುಂದಕ್ಕೆ ಹೋಯಿತು. ಅವೇ ಗೋಲಿನ ಮಾತು ಇಲ್ಲಿ ಬರುವುದೇ ಇಲ್ಲ. ಒಟ್ಟು ಗೋಲು ಸಮ ಆದಾಗ ಮಾತ್ರ ‘ಎದುರಾಳಿಯ ಅಂಗಳದಲ್ಲಿ ಯಾರು ಜಾಸ್ತಿ ಹೊಡೆದರು’ ಅಂತ ನೋಡುತ್ತೇವೆ. ಅಷ್ಟೇ. ಯಾವ ಗೋಲೂ ಎರಡಾಗುವುದಿಲ್ಲ. ಟಿವಿಯಲ್ಲಿ ‘ಹೊರಗಿನ ಗೋಲಿಗೆ ಡಬಲ್ ಬೆಲೆ’ ಅನ್ನುವ ಮಾತು ಎಷ್ಟು ಸಲ ಕೇಳಿದ್ದೇನೋ! ಆ ಒಂದು ಮಾತು ಎಷ್ಟೋ ಜನರ ತಲೆ ಕೆಡಿಸಿದೆ.

ಎರಡು ಲೆಗ್‌ಗಳ ಮುಖಾಮುಖಿಯಲ್ಲಿ ಹಳೆಯ ಕ್ರಮ ಹೀಗಿತ್ತು. ಮೊದಲು ಒಟ್ಟು ಗೋಲು. ಅದು ಸಮ ಆದರೆ ಅವೇ ಗೋಲು. ಅದೂ ಸಮ ಆದರೆ ಎರಡನೇ ಲೆಗ್‌ನ ಕೊನೆಗೆ 30 ನಿಮಿಷದ ಎಕ್ಸ್‌ಟ್ರಾ ಟೈಮ್. ಆಮೇಲೂ ತೀರ್ಮಾನ ಆಗದಿದ್ದರೆ ಪೆನಾಲ್ಟಿ ಶೂಟೌಟ್, ಅಂದರೆ ಗೋಲ್‌ಕೀಪರ್ ಒಬ್ಬನೇ ಎದುರಿದ್ದಾಗ ಎರಡೂ ತಂಡ ಸರದಿಯಲ್ಲಿ ಒದೆಯುವುದು. ಎಕ್ಸ್‌ಟ್ರಾ ಟೈಮ್ ಅಂದರೆ ಪಂದ್ಯದ ಮಧ್ಯೆ ಹಾಳಾದ ಸಮಯಕ್ಕೆ ರೆಫರಿ ಕೊನೆಯಲ್ಲಿ ಸೇರಿಸುವ ನಿಮಿಷಗಳಲ್ಲ. ಅದು 15 ನಿಮಿಷದ ಎರಡು ಹೊಸ ಅವಧಿ. ಅದಕ್ಕೆ ಹೊಸದಾಗಿ ಟಾಸ್ ಹಾಕುತ್ತೇವೆ. ಆದರೆ ಪಂದ್ಯ ಹಳೆಯದೇ. ಸಿಕ್ಕಿದ ಹಳದಿ ಕಾರ್ಡ್ ಹಾಗೇ ಇರುತ್ತದೆ, ಹೊರಹೋದ ಆಟಗಾರ ವಾಪಸ್ ಬರುವುದಿಲ್ಲ.

ಈ ನಿಯಮ ಯಾಕೆ ಬಂತು ಅಂತ ತಿಳಿಯಲು 1965ಕ್ಕೆ ಹೋಗಬೇಕು. ಆ ವರ್ಷ ಯುರೋಪಿಯನ್ ಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಲಿವರ್‌ಪೂಲ್ ಮತ್ತು ಜರ್ಮನಿಯ ಕಲೋನ್ ಎದುರಾದವು. ಮೊದಲ ಪಂದ್ಯ 0-0. ಎರಡನೆಯದೂ 0-0. ಮೂರನೇ ಪಂದ್ಯ ಇಬ್ಬರಿಗೂ ತವರಲ್ಲದ ರಾಟರ್‌ಡ್ಯಾಮ್‌ನಲ್ಲಿ. ಅದು 2-2. ಆಗ ಪೆನಾಲ್ಟಿ ಶೂಟೌಟ್ ಇರಲಿಲ್ಲ, ಅದು ಬಂದದ್ದು 1970ರಲ್ಲಿ. ಕೊನೆಗೆ ಟಾಸ್ ಹಾಕಿದರು. ಮೊದಲ ಸಲ ಚಿಮ್ಮಿದ್ದು ಕೆಸರಿನಲ್ಲಿ ನೆಟ್ಟಗೆ ನಿಂತುಬಿಟ್ಟಿತು. ಮತ್ತೆ ಚಿಮ್ಮಿದರು, ಲಿವರ್‌ಪೂಲ್ ಮುಂದಕ್ಕೆ ಹೋಯಿತು. ಮೂರು ಪಂದ್ಯ ಆಡಿ, ಒಂದರಲ್ಲೂ ಸೋಲದೆ, ಕಲೋನ್ ಆಟಗಾರರು ಮನೆಗೆ ಹೋದರು. ಅದನ್ನು ಯೋಚಿಸಿದಾಗ ನನಗೆ ಈಗಲೂ ಸಂಕಟ ಆಗುತ್ತದೆ.

ಹೀಗಾದರೆ ಏನು ಮಾಡುವುದು? ಮೂರನೇ ಪಂದ್ಯಕ್ಕೆ ದಿನ ಬೇಕು, ಅಂಗಳ ಬೇಕು, ಮತ್ತೆ ಪ್ರಯಾಣ. ಇನ್ನೊಂದು ತೊಂದರೆಯೂ ಇತ್ತು. ಆಗ ಬೇರೆ ದೇಶಕ್ಕೆ ಹೋಗಿ ಆಡುವುದೇ ಕಷ್ಟ. ಪ್ರಯಾಣ ಸುಸ್ತು ಮಾಡುತ್ತಿತ್ತು. ಒಂದೊಂದು ಅಂಗಳ ಒಂದೊಂದು ಥರ. ಹೊರಗೆ ಹೋದ ತಂಡ ಸುಮ್ನೆ ಗೋಲು ಬಿಡದೆ ನಿಂತರೆ ಸಾಕು ಅಂತ ಹಿಂದೆ ಕೂತುಬಿಡುತ್ತಿತ್ತು. ಹೊರಗೆ ಹೊಡೆದ ಗೋಲಿಗೆ ಏನಾದರೂ ಲಾಭ ಇಟ್ಟರೆ ಅವರೂ ಮುಂದೆ ಬಂದು ಆಡಿಯಾರು ಎಂಬ ಆಸೆ. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಎಫಾ ಈ ನಿಯಮವನ್ನು 1965-66ರ ಕಪ್ ವಿನ್ನರ್ಸ್ ಕಪ್‌ನಲ್ಲಿ ತಂದಿತು. ಅದರ ಲಾಭ ಮೊದಲು ಸಿಕ್ಕಿದ್ದು ಬುಡಾಪೆಸ್ಟ್‌ನ ಹೊನ್‌ವೇಡ್ ತಂಡಕ್ಕೆ, ಪ್ರಾಗ್‌ನ ಡುಕ್ಲಾ ವಿರುದ್ಧ. ಎರಡೂ ಲೆಗ್ ಸೇರಿ 4-4. ಪ್ರಾಗ್‌ನಲ್ಲಿ 3 ಗೋಲು ಹೊಡೆದಿದ್ದ ಹೊನ್‌ವೇಡ್ ಮುಂದಕ್ಕೆ ಹೋಯಿತು.

ನಿಯಮ ಬಂದ ಮಾತ್ರಕ್ಕೆ ರೆಫರಿಗಳಿಗೆ ಅರ್ಥ ಆಯಿತು ಅಂತೇನಿಲ್ಲ. 1971ರಲ್ಲಿ ಲಿಸ್ಬನ್‌ನಲ್ಲಿ ನಡೆದದ್ದನ್ನು ನಾನು ಪ್ರತಿ ತರಗತಿಯಲ್ಲೂ ಹೇಳುತ್ತೇನೆ. ಸ್ಕಾಟ್ಲೆಂಡ್‌ನ ರೇಂಜರ್ಸ್ ತವರಿನಲ್ಲಿ ಸ್ಪೋರ್ಟಿಂಗ್ ತಂಡವನ್ನು 3-2ರಿಂದ ಸೋಲಿಸಿತ್ತು. ಲಿಸ್ಬನ್‌ನಲ್ಲಿ 90 ನಿಮಿಷ ಮುಗಿದಾಗ ಸ್ಪೋರ್ಟಿಂಗ್ 3-2 ಮುಂದೆ. ಒಟ್ಟು 5-5, ಅವೇ ಗೋಲು ಎರಡೆರಡು. ಎಕ್ಸ್‌ಟ್ರಾ ಟೈಮ್ ಆಡಿಸಿದರು. ಅದರಲ್ಲಿ ಎರಡೂ ತಂಡ ಒಂದೊಂದು ಹೊಡೆದವು. ಈಗ ಒಟ್ಟು 6-6. ಡಚ್ ರೆಫರಿ ಪೆನಾಲ್ಟಿ ಹೊಡೆಸಿದರು. ಸ್ಪೋರ್ಟಿಂಗ್ ಗೆದ್ದಿತು, ಅಂಗಳದಲ್ಲಿ ಸಂಭ್ರಮ. ಆದರೆ ಎಕ್ಸ್‌ಟ್ರಾ ಟೈಮ್‌ನಲ್ಲಿ ಹೊಡೆದ ಗೋಲೂ ಅವೇ ಗೋಲೇ ಎಂದು ನಿಯಮ ಹೇಳುತ್ತಿತ್ತು. ರೇಂಜರ್ಸ್ ಹೊರಗೆ 3 ಹೊಡೆದಿತ್ತು, ಸ್ಪೋರ್ಟಿಂಗ್ 2 ಮಾತ್ರ. ಶೂಟೌಟ್ ಬೇಕಾಗಿಯೇ ಇರಲಿಲ್ಲ! ತೀರ್ಪು ತಿರುಗಿತು. ಸೋತೆವು ಅಂದುಕೊಂಡಿದ್ದ ರೇಂಜರ್ಸ್ ಮುಂದಕ್ಕೆ ಹೋಗಿ, ಆ ಸಲದ ಕಪ್ಪನ್ನೇ ಗೆದ್ದಿತು.

ಈ ಕಥೆ ಹೇಳುವಾಗ ನನಗೆ ನನ್ನದೇ ಒಂದು ಪಂದ್ಯ ನೆನಪಾಗುತ್ತದೆ. ಕ್ಲಬ್‌ಗಳ ನಡುವಿನ ಒಂದು ಸೆಮಿಫೈನಲ್‌ನ ಎರಡನೇ ಲೆಗ್. ಒಟ್ಟು ಗೋಲು ಸಮ, ಅವೇ ಗೋಲೂ ಸಮ. ಎಕ್ಸ್‌ಟ್ರಾ ಟೈಮ್‌ಗೆ ಟಾಸ್ ಹಾಕಲು ನಾಯಕರನ್ನು ಕರೆದೆ. ಹೊರಗಿನಿಂದ ಬಂದ ತಂಡದ ನಾಯಕ ಕೇಳಿದ, ‘ಸರ್, ಈ ಅರ್ಧ ಗಂಟೆಯಲ್ಲಿ ನಾವು ಹೊಡೆದರೆ ಅದು ಅವೇ ಗೋಲು ತಾನೇ?’ ಆಯೋಜಕರ ನಿಯಮದ ಹಾಳೆಯಲ್ಲಿ ಅದರ ಬಗ್ಗೆ ಒಂದಕ್ಷರ ಇರಲಿಲ್ಲ. ವಿಚಾರಿಸಿದರೆ ಒಬ್ಬರು ಹೌದು ಅಂದರು, ಇನ್ನೊಬ್ಬರು ಇಲ್ಲ ಅಂದರು. ಕೊನೆಗೆ ಎಣಿಸುವುದಿಲ್ಲ ಅಂತ ತೀರ್ಮಾನಿಸಿ ಆಟ ಶುರು ಮಾಡಿದೆ. ಆಮೇಲೆ ಆಗಬಾರದ್ದೇ ಆಯಿತು. ಎರಡೂ ತಂಡ ಒಂದೊಂದು ಗೋಲು ಹೊಡೆದವು. ಶೂಟೌಟ್‌ನಲ್ಲಿ ಹೊರಗಿನ ತಂಡ ಸೋತಿತು. ಆ ಹುಡುಗ ನನ್ನ ಮುಂದೆ ನಿಂತು ಏನೂ ಮಾತಾಡಲಿಲ್ಲ, ಸುಮ್ನೆ ನೋಡಿದ. ಅವನು ಬೈದಿದ್ದರೆ ನನಗೆ ಹಗುರ ಆಗುತ್ತಿತ್ತು. ಆ ಹಾಳೆಯನ್ನು ನಾನು ಮೊದಲ ಲೆಗ್‌ಗೂ ಮುಂಚೆಯೇ ಓದಿ ಕೇಳಬೇಕಿತ್ತು. ಆವತ್ತಿನಿಂದ ಹಾಗೇ ಮಾಡುತ್ತೇನೆ.

ಆ ಹುಡುಗನ ಪ್ರಶ್ನೆಯಲ್ಲೇ ಈ ನಿಯಮದ ನಿಜವಾದ ತೊಡಕು ಇದೆ. 90 ನಿಮಿಷದವರೆಗೆ ಲೆಕ್ಕ ನೇರ. ನೀನು ನನ್ನ ಅಂಗಳದಲ್ಲಿ 90 ನಿಮಿಷ ಆಡಿದೆ, ನಾನು ನಿನ್ನ ಅಂಗಳದಲ್ಲಿ 90 ನಿಮಿಷ ಆಡಿದೆ. ಎಕ್ಸ್‌ಟ್ರಾ ಟೈಮ್ ಬಂದ ಕೂಡಲೇ ತಕ್ಕಡಿ ವಾಲುತ್ತದೆ. ಎರಡನೇ ಲೆಗ್‌ಗೆ ಹೊರಗಿನಿಂದ ಬಂದ ತಂಡಕ್ಕೆ ಅವೇ ಗೋಲು ಹೊಡೆಯಲು 120 ನಿಮಿಷ ಸಿಗುತ್ತದೆ. ಎದುರಾಳಿಗೆ ಸಿಕ್ಕಿದ್ದು 90 ಮಾತ್ರ. ತವರಿನ ತಂಡಕ್ಕೆ ಅರ್ಧ ಗಂಟೆ ಜಾಸ್ತಿ ತನ್ನ ಜನರ ಮುಂದೆ ಆಡುವ ಲಾಭ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಇದೆ, ಒಪ್ಪುತ್ತೇನೆ. ಆದರೆ ಜನರ ಕೂಗು ಗೋಲಾಗುತ್ತದೆ ಎಂಬ ಖಾತ್ರಿ ಇಲ್ಲ. ಅವೇ ಗೋಲಿನ ಲಾಭ ಮಾತ್ರ ನಿಯಮದಲ್ಲೇ ಬರೆದದ್ದು.

2020ರ ಮಾರ್ಚ್‌ನಲ್ಲಿ ಲಿವರ್‌ಪೂಲ್‌ಗೆ ಆದದ್ದು ನೋಡಿ. ಅಟ್ಲೆಟಿಕೊ ಮ್ಯಾಡ್ರಿಡ್ ತವರಿನಲ್ಲಿ 1-0 ಗೆದ್ದಿತ್ತು. ಲಿವರ್‌ಪೂಲ್‌ನ ತವರು ಆನ್‌ಫೀಲ್ಡ್‌ನಲ್ಲಿ 90 ನಿಮಿಷಕ್ಕೆ ಲಿವರ್‌ಪೂಲ್ 1-0. ಎಕ್ಸ್‌ಟ್ರಾ ಟೈಮ್ ಶುರುವಾಗಿ ಸ್ವಲ್ಪ ಹೊತ್ತಿಗೇ ಫಿರ್ಮಿನೊ ಗೋಲು ಹೊಡೆದರು. ಲಿವರ್‌ಪೂಲ್ ಒಟ್ಟು 2-1 ಮುಂದೆ. ಮೂರೇ ನಿಮಿಷದಲ್ಲಿ ಅಟ್ಲೆಟಿಕೊದ ಲೊರೆಂಟೆ ಒಂದು ಹೊಡೆದರು. ಸ್ಕೋರು 2-2, ಆದರೆ ಲಿವರ್‌ಪೂಲ್ ಆಗಲೇ ಹಿಂದೆ ಬಿದ್ದಿತ್ತು. ಒಂದೇ ಒಂದು ಗೋಲು, ಗೆಲ್ಲುತ್ತಿದ್ದವರು ಸೋಲುವವರಾದರು. ನಡುವೆ ಸಮಬಲದ ಒಂದು ಕ್ಷಣವೂ ಇರಲಿಲ್ಲ. ಗೋಲು ಬೇಕೇ ಬೇಕು ಅಂತ ಮುಂದೆ ನುಗ್ಗಿದ ತಂಡ ಮತ್ತೆ ಎರಡು ಗೋಲು ತಿಂದಿತು.

ಮರುವರ್ಷ ಟ್ಯೂರಿನ್‌ನಲ್ಲಿ ಯುವೆಂಟಸ್‌ಗೂ ಇದೇ ಗತಿ. ಮೊದಲ ಲೆಗ್ ಪೋರ್ಟೊಗೆ 2-1. ಎರಡನೇ ಲೆಗ್ 90 ನಿಮಿಷಕ್ಕೆ ಯುವೆಂಟಸ್‌ಗೆ 2-1. ಎಲ್ಲವೂ ಸಮ. ಪೋರ್ಟೊ ಹತ್ತೇ ಜನರಲ್ಲಿ ಆಡುತ್ತಿತ್ತು. 115ನೇ ನಿಮಿಷದಲ್ಲಿ ಸೆರ್ಜಿಯೊ ಒಲಿವೇರಾ ಫ್ರೀ ಕಿಕ್‌ನಿಂದ ಗೋಲು ಹೊಡೆದರು. ಎರಡು ನಿಮಿಷದಲ್ಲಿ ರಾಬಿಯೊ ಯುವೆಂಟಸ್‌ಗೆ ಒಂದು ಹೊಡೆದರೂ ಪ್ರಯೋಜನ ಆಗಲಿಲ್ಲ. ಒಟ್ಟು 4-4, ಹೊರಗೆ ಪೋರ್ಟೊ 2, ಯುವೆಂಟಸ್ 1. ಹತ್ತು ಜನ ಅಷ್ಟು ಹೊತ್ತು ಹೋರಾಡಿದ್ದಕ್ಕೆ ನಾನು ತಲೆಬಾಗುತ್ತೇನೆ. ಅದೇ ಗೋಲು ಪೋರ್ಟೊದ ಅಂಗಳದಲ್ಲಿ ಹೊಡೆಯಲು ಯುವೆಂಟಸ್‌ಗೆ 30 ನಿಮಿಷ ಜಾಸ್ತಿ ಸಿಕ್ಕಿರಲಿಲ್ಲ ಎಂಬುದೂ ಅಷ್ಟೇ ನಿಜ.

ನಿಯಮ ಅರ್ಥವನ್ನೇ ಕಳೆದುಕೊಂಡ ಸಂದರ್ಭವೂ ಇದೆ. 2003ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಎಸಿ ಮಿಲಾನ್ ಮತ್ತು ಇಂಟರ್ ಎದುರಾದವು. ಇಬ್ಬರ ತವರೂ ಒಂದೇ, ಸ್ಯಾನ್ ಸಿರೊ. 0-0, 1-1. ಎರಡನೇ ಪಂದ್ಯಕ್ಕೆ ಕಾಗದದ ಮೇಲೆ ಮಿಲಾನ್ ‘ಹೊರಗಿನ’ ತಂಡ. ಫೈನಲ್‌ಗೆ ಹೋದದ್ದು ಅದೇ. ಒಂದು ಹೆಜ್ಜೆ ಪ್ರಯಾಣ ಇಲ್ಲದೆ ಅವೇ ಗೋಲು!

ಯುಎಫಾ 2021ರ ಜೂನ್‌ನಲ್ಲಿ ಈ ನಿಯಮವನ್ನು ಕೈಬಿಟ್ಟಿತು. ಅದು ಕೊಟ್ಟ ಅಂಕಿಗಳನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ. 1970ರ ದಶಕದ ಮಧ್ಯದಲ್ಲಿ ತವರಿನ ತಂಡ ಶೇ 61ರಷ್ಟು ಪಂದ್ಯ ಗೆಲ್ಲುತ್ತಿತ್ತು, ಹೊರಗಿನ ತಂಡ ಶೇ 19. 2021ರ ಹೊತ್ತಿಗೆ ಅದು 47 ಮತ್ತು 30 ಆಗಿತ್ತು. ತವರಿನ ತಂಡ ಪಂದ್ಯಕ್ಕೆ ಸರಾಸರಿ 2.02 ಗೋಲು ಹೊಡೆಯುತ್ತಿದ್ದದ್ದು 1.58ಕ್ಕೆ ಇಳಿದಿತ್ತು. ಹೊರಗಿನ ತಂಡದ್ದು 0.95ರಿಂದ 1.15ಕ್ಕೆ ಏರಿತ್ತು. ಅಂಗಳಗಳು ಒಂದೇ ಅಳತೆಗೆ ಬಂದಿವೆ, ಪ್ರಯಾಣ ಸಲೀಸಾಗಿದೆ, ರೆಫರಿಗೆ ವಿಎಆರ್, ಅಂದರೆ ವಿಡಿಯೊ ನೋಡಿ ಹೇಳುವ ರೆಫರಿಯ, ನೆರವಿದೆ. ಜೊತೆಗೆ ನಿಯಮವೇ ಉಲ್ಟಾ ಹೊಡೆಯತೊಡಗಿತ್ತು. ಮೊದಲ ಲೆಗ್‌ನಲ್ಲಿ ತವರಿನ ತಂಡವೇ ಗೋಲು ಬಿಟ್ಟುಕೊಡುವ ಭಯದಿಂದ ಮುಂದೆ ಬರುತ್ತಿರಲಿಲ್ಲ. ಹೊರಗಿನವರನ್ನು ಆಡಿಸಲು ತಂದ ನಿಯಮ ಮನೆಯವರ ಕಾಲು ಕಟ್ಟಿತ್ತು.

ನನ್ನ ಅಭಿಪ್ರಾಯ ಕೇಳಿದರೆ, ಎಕ್ಸ್‌ಟ್ರಾ ಟೈಮ್‌ನಲ್ಲಿ ಮಾತ್ರ ಅದನ್ನು ತೆಗೆದು 90 ನಿಮಿಷಕ್ಕೆ ಉಳಿಸಿಕೊಳ್ಳಬಹುದಿತ್ತು. 2009ರಲ್ಲಿ ಚೆಲ್ಸಿ ತಂಡದ ತವರು ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ 93ನೇ ನಿಮಿಷದಲ್ಲಿ ಇನಿಯೆಸ್ಟಾ ಹೊಡೆದ ಗೋಲಿನಿಂದ ಬಾರ್ಸಿಲೋನಾ ನೇರವಾಗಿ ಫೈನಲ್‌ಗೆ ಹೋಯಿತು. 2017ರಲ್ಲಿ ಪ್ಯಾರಿಸ್ ತಂಡದ ಕವಾನಿ ಬಾರ್ಸಿಲೋನಾದಲ್ಲಿ ಒಂದು ಹೊಡೆದಾಗ, ಒಟ್ಟು 5-3 ಹಿಂದಿದ್ದ ಬಾರ್ಸಿಲೋನಾಗೆ ಎರಡು ಸಾಲದೆ ಮೂರು ಗೋಲು ಬೇಕಾಯಿತು. ಅದು 88ನೇ ನಿಮಿಷದಿಂದ ಶುರು ಮಾಡಿ ಮೂರನ್ನೂ ಹೊಡೆದು 6-1 ಗೆದ್ದಿತು. ಅಂಥ ರಾತ್ರಿಗಳನ್ನು ಕೊಟ್ಟದ್ದು ಈ ನಿಯಮವೇ.

ಹಾಗಂತ ಹೊಸ ಕ್ರಮವೂ ಕೆಟ್ಟದ್ದಲ್ಲ. 2022ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಲೆಕ್ಕ ಹಾಕಿ ನೋಡಿ. ಮ್ಯಾಂಚೆಸ್ಟರ್ ಸಿಟಿ ತವರಿನಲ್ಲಿ 4-3 ಗೆದ್ದಿತ್ತು. ಮ್ಯಾಡ್ರಿಡ್‌ನಲ್ಲಿ ಕೊನೆಯ ಕ್ಷಣದಲ್ಲಿ ರೊಡ್ರಿಗೊ ಎರಡು ಗೋಲು ಹೊಡೆದು ರಿಯಲ್ ಮ್ಯಾಡ್ರಿಡ್ ಅನ್ನು 2-1ಕ್ಕೆ ತಂದರು. ಒಟ್ಟು 5-5. ಹಳೆಯ ನಿಯಮ ಇದ್ದಿದ್ದರೆ ಹೊರಗೆ 3 ಹೊಡೆದ ರಿಯಲ್ ಅಲ್ಲೇ ಗೆದ್ದಿರುತ್ತಿತ್ತು. ಹೊಸ ನಿಯಮ ಸಿಟಿಗೆ ಇನ್ನೂ 30 ನಿಮಿಷ ಕೊಟ್ಟಿತು. ಬೆಂಜೆಮಾ ಪೆನಾಲ್ಟಿಯಿಂದ ಗೋಲು ಹೊಡೆದು ಅದನ್ನೂ ಮುಗಿಸಿದರು, ಆ ಮಾತು ಬೇರೆ. ಸಿಟಿಗೆ ಅವಕಾಶವಂತೂ ಸಿಕ್ಕಿತು, ಅಲ್ವಾ?

ಎಲ್ಲ ಕಡೆಯೂ ಒಂದೇ ಕ್ರಮ ಅಂದುಕೊಳ್ಳಬೇಡಿ. ದಕ್ಷಿಣ ಅಮೆರಿಕದ ಲಿಬರ್ಟಡೋರೆಸ್ ಕಪ್‌ನಲ್ಲೂ ಈಗ ಅವೇ ಗೋಲಿನ ನಿಯಮ ಇಲ್ಲ. ಆದರೆ ಅಲ್ಲಿ ಫೈನಲ್ ಬಿಟ್ಟು ಉಳಿದ ನಾಕ್‌ಔಟ್ ಪಂದ್ಯಗಳಲ್ಲಿ ಎಕ್ಸ್‌ಟ್ರಾ ಟೈಮ್ ಕೂಡ ಇಲ್ಲ, ನೇರ ಶೂಟೌಟ್. ಸಣ್ಣ ಟೂರ್ನಿಗಳಲ್ಲಿ ಹಳೆಯ ನಿಯಮ ಇನ್ನೂ ಇರಬಹುದು. ಆಡುವ ತಂಡ ಮೊದಲ ಲೆಗ್‌ಗೂ ಮುಂಚೆ ಆಯೋಜಕರನ್ನು ಮೂರು ಮಾತು ಕೇಳಬೇಕು: ಅವೇ ಗೋಲು ಎಣಿಸುತ್ತೀರಾ, ಎಕ್ಸ್‌ಟ್ರಾ ಟೈಮ್ ಇದೆಯಾ, ಇದ್ದರೆ ಅದರಲ್ಲೂ ಎಣಿಸುತ್ತೀರಾ? ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.

2025ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾ ಮತ್ತು ಇಂಟರ್ ಮೊದಲ ಲೆಗ್‌ನಲ್ಲಿ 3-3. ಮಿಲಾನ್‌ನಲ್ಲಿ 93ನೇ ನಿಮಿಷದಲ್ಲಿ ಅಚೆರ್ಬಿ ಹೊಡೆದ ಗೋಲಿನಿಂದ ಮತ್ತೆ 3-3. ನಿಯಮ ಹೋಗಿ ನಾಲ್ಕು ವರ್ಷ ಆಗುತ್ತಾ ಬಂದಿದ್ದರೂ ನನ್ನ ಬೆರಳು ತಾನಾಗಿ ಅವೇ ಗೋಲು ಎಣಿಸಿತು. ಇಂಟರ್ 3. ಬಾರ್ಸಿಲೋನಾ 3. ಹಳೆಯ ನಿಯಮದಲ್ಲೂ ಎಕ್ಸ್‌ಟ್ರಾ ಟೈಮ್, ಹೊಸದರಲ್ಲೂ ಎಕ್ಸ್‌ಟ್ರಾ ಟೈಮ್. 99ನೇ ನಿಮಿಷದಲ್ಲಿ ಇಂಟರ್‌ನ ಫ್ರಟ್ಟೇಸಿ ಗೋಲು ಹೊಡೆದರು. ಅದು ತವರಿನ ಗೋಲು.